ಕಾರು ಕೊಟ್ಟ ಅಂಕ

ನಮ್ಮ ಗುಮಾಸ್ತರಿಗೆ ಅವರ ಮಾವ ಮದುವೆಯ ದಿನವೇ ಮೂವತ್ತೈದು ಅಂಕ ಕೊಟ್ಟುಬಿಟ್ಟಿದ್ದರು. ನೂರಕ್ಕೆ. ಮಾವ ಗಣಿತದ ಮೇಷ್ಟ್ರಾಗಿದ್ದು, ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಶಾಲೆ ಬಿಡುವಾಗ ಬೀಗದ ಕೈ, ಬೆತ್ತ, ಕುರ್ಚಿಯ ದಿಂಬು ಎಲ್ಲವನ್ನೂ ಒಪ್ಪಿಸಿ ಬಂದರೂ ಅಂಕ ಕೊಡುವ ಚಾಳಿಯನ್ನು ಮಾತ್ರ ಒಪ್ಪಿಸಿರಲಿಲ್ಲ. ಬೆಳಗಿನ ಕಾಫಿಗೆ ಅಂಕ, ಇಸ್ತ್ರಿ ಮಾಡಿದ ಅಂಗಿಗೆ ಅಂಕ, ಮಂಡಿನೋವಿಗೆ ಮದ್ದು ಬರೆದುಕೊಟ್ಟ ಡಾಕ್ಟರ ಕೈಬರಹಕ್ಕೆ ಅಂಕ. ಕಾಫಿ ಒಂದೆರಡು ಸಲ ಅರವತ್ತು ದಾಟಿದ್ದುಂಟು. ಅಳಿಯನ ತಲೆಗೂದಲು ಇಳಿಯಿತು, ಹೊಟ್ಟೆ ಏರಿತು, ಅಂಕ ಮಾತ್ರ ಇದ್ದಲ್ಲೇ ಇತ್ತು.

"ಜಸ್ಟ್ ಪಾಸು," ಎನ್ನುತ್ತಿದ್ದರು ಮಾವ, ಯಾರಾದರೂ ಕೇಳಿದರೆ. "ಫೇಲ್ ಮಾಡಿದ್ರೆ ಮತ್ತೆ ನಾನೇ ಇನ್ನೊಬ್ಬನ್ನ ಹುಡುಕ್ಬೇಕಿತ್ತು."

ಮಾವ ಮಗಳ ಮನೆಯಲ್ಲೇ ಇದ್ದುದರಿಂದ ಈ ಮೂವತ್ತೈದು ದಿನಾ ಊಟದ ಮೇಜಿನಲ್ಲಿ ಗುಮಾಸ್ತರ ಎದುರಿಗೇ ಕೂರುತ್ತಿತ್ತು. ಗುಮಾಸ್ತರು ನಗುನಗುತ್ತಲೇ ಇದ್ದರು. ಆದರೆ ಅದು ಒಳಗೆ ಕೊರೆಯುತ್ತಿತ್ತು. ಸಾಯುವುದರೊಳಗೆ, ತಾವೋ ಮಾವನೋ, ಯಾರಾದರೊಬ್ಬರು ಸಾಯುವುದರೊಳಗೆ, ಒಂದಾದರೂ ಅಂಕ ಮೇಲೇರಬೇಕೆಂಬುದು ಅವರ ಬಾಳಿನ ಒಂದೇ ಆಸೆ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಆದ್ದರಿಂದ ಎಲ್ಲರಿಗೂ ಗೊತ್ತಿತ್ತು.

ಗುಮಾಸ್ತರ ಕೆಲಸ ಊರಾಚೆ ಗುಡ್ಡದ ಮೇಲಿನ ನೀರು ಶುದ್ಧಿ ಮಾಡುವ ಸ್ಥಾವರದ ಉಗ್ರಾಣದಲ್ಲಿ. ಪೈಪು, ವಾಲ್ವು, ವಾಷರು, ಬ್ಲೀಚಿಂಗ್ ಪುಡಿಯ ಮೂಟೆ ಇವೆಲ್ಲದರ ಉಸ್ತುವಾರಿ ಅವರದು. ಮನೆ ಊರಿನ ತಗ್ಗಿನಲ್ಲಿ, ಕೆಲಸ ಗುಡ್ಡದ ನೆತ್ತಿಯಲ್ಲಿ. ನಡುವೆ ಎರಡು ಬಸ್ಸು, ಎರಡರಲ್ಲೂ ನಿಂತೇ ಪ್ರಯಾಣ. ಬೆನ್ನು ಕೈಕೊಟ್ಟ ಮೇಲೆ ಒಂದು ಹಳೇ ಕಾರು ತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು. ದಿನಾ ಅಷ್ಟು ದೂರ ಓಡಿಸುವುದಕ್ಕೆ ಹೈಬ್ರಿಡ್ಡೇ ಸರಿ ಎಂದು ಯಾರೋ ಹೇಳಿದ್ದನ್ನು ಗುಮಾಸ್ತರು ತಮ್ಮದೇ ಸಂಶೋಧನೆ ಎಂಬಂತೆ ಮನೆಯಲ್ಲಿ ವಿವರಿಸಿದರು. ಅದರಲ್ಲಿ ಪೆಟ್ರೋಲ್ ಎಂಜಿನ್ನೂ ಇರುತ್ತದೆ, ಬ್ಯಾಟರಿ ಮೋಟರೂ ಇರುತ್ತದೆ, ಯಾವಾಗ ಯಾವುದು ಬೇಕೋ ಕಾರೇ ನೋಡಿಕೊಳ್ಳುತ್ತದೆ. ಹೆಂಡತಿ, ಹಾಗಾದರೆ ಕೆಡುವುದಕ್ಕೂ ಎರಡಿರುತ್ತದೆ ಎಂದಳು. ಮಾವ ಪತ್ರಿಕೆಯಿಂದ ತಲೆಯೆತ್ತದೆ, "ಒಂದೇ ಪ್ರಶ್ನೆಗೆ ಎರಡು ಉತ್ತರ ಬರೆದ್ರೆ ನಾನು ಮೊದಲನೇದನ್ನ ಮಾತ್ರ ನೋಡ್ತಿದ್ದೆ," ಎಂದರು.

ಕಾರು ನೋಡಲು ಎಲ್ಲರೂ ಹೊರಟರು. ಪರಿಚಯದ ಮೆಕ್ಯಾನಿಕ್ ಒಬ್ಬನನ್ನೂ ಕರೆದುಕೊಂಡರು. ಮೊದಲನೆಯದು ಹಲ್ಲಿನ ಡಾಕ್ಟರದು. ಕಾರು ಅವರ ರೋಗಿಗಳ ಹಲ್ಲಿಗಿಂತ ಶುಭ್ರವಾಗಿತ್ತು. ಮೆಕ್ಯಾನಿಕ್ ಅಡಿಗೆ ನುಸುಳಿ, ಬಹಳ ಹೊತ್ತು ಹುಡುಕಿ, ಏನೂ ಕೆಟ್ಟಿರದ ಬೇಸರದಲ್ಲಿ ಈಚೆ ಬಂದ. ಗುಮಾಸ್ತರು ಸಂತೆಪೇಟೆಯ ರಸ್ತೆಯಲ್ಲಿ ಒಂದು ಸುತ್ತು ಓಡಿಸಿದರು. ಆಫೀಸಿನ ಪಿಕಪ್ ಗಾಡಿ ಓಡಿಸಿದ ಕಾಲು ಅದು. ಒತ್ತಿದರೆ ಪೂರ್ತಿ ಒತ್ತುವುದು, ನಿಲ್ಲಿಸಿದರೆ ಎಲ್ಲರ ಹಣೆಯೂ ಮುಂದಕ್ಕೆ. ವಾಪಸು ಬಂದು ಕಾರು ಆಫ್ ಮಾಡಿದಾಗ ಸ್ಟೀರಿಂಗಿನ ಪಕ್ಕದ ಪರದೆ ಬೆಳಗಿ ಒಳಗಿಂದ ಹೆಣ್ಣು ದನಿಯೊಂದು, ಪ್ರಯಾಣ ಮುಗಿಯಿತು, ನಿಮ್ಮ ಚಾಲನೆಗೆ ಅಂಕ ಮೂವತ್ತೆಂಟು, ಇನ್ನೂ ಸುಧಾರಿಸಬಹುದು ಎಂದಿತು.

ಹಿಂದಿನ ಸೀಟಿನಲ್ಲಿದ್ದ ಮಾವ ನಿಧಾನವಾಗಿ ಮುಂದಕ್ಕೆ ಬಾಗಿದರು. ಕನ್ನಡಕ ಏರಿಸಿ ಪರದೆಯನ್ನು ನೋಡಿದರು. ತಮ್ಮ ಜಾತಿಯ ಇನ್ನೊಂದು ಜೀವ ಈ ಲೋಕದಲ್ಲಿದೆ ಎಂದು ಅವರಿಗೆ ಆ ವಯಸ್ಸಿನಲ್ಲಿ ತಿಳಿದಂತಾಯಿತು.

"ಈ ಯಂತ್ರಕ್ಕೆ ಬುದ್ಧಿ ಇದೆ," ಎಂದರು. "ಮೂರು ಅಂಕ ಜಾಸ್ತಿ ಹಾಕಿದೆ, ಅಷ್ಟೇ."

ಅಲ್ಲಿಂದ ಮುಂದೆ ನಡೆದದ್ದು ಕಾರು ಆರಿಸುವ ಕೆಲಸವಲ್ಲ. ಹಲ್ಲಿನ ಡಾಕ್ಟರ ಕಾರನ್ನು ಗುಮಾಸ್ತರು, ಬ್ರೇಕು ಬಿಗಿ ಎಂಬ ಕಾರಣ ಕೊಟ್ಟು ಬೇಡವೆಂದರು. ಎರಡನೆಯದು ಬೇಕರಿಯವರದು. ಸೀಟಿನಡಿ ಬ್ರೆಡ್ಡಿನ ಪುಡಿ ಇದ್ದರೂ ಕಾರು ಗಟ್ಟಿಮುಟ್ಟಾಗಿತ್ತು, ಡಿಕ್ಕಿ ದೊಡ್ಡದಾಗಿತ್ತು, ಹೆಂಡತಿಗೆ ಹಿಡಿಸಿತು. ಅದು ಐವತ್ತೇಳು ಕೊಟ್ಟಿತು. ಮಾವ, ಎರಡನೇ ದರ್ಜೆ ಎಂದರು. ಗುಮಾಸ್ತರು, ಸೀಟು ಸ್ವಲ್ಪ ಎತ್ತರ ಎಂದರು.

ಮೂರನೆಯದು ಒಂದು ದಿಣ್ಣೆಯ ತುದಿಯಲ್ಲಿದ್ದ ಸಂಗೀತದ ಟೀಚರಮ್ಮನದು. ಅದರ ಬಣ್ಣ, ತೊಳೆದೂ ತೊಳೆದೂ ಬಿಳಿಯೋ ಹಳದಿಯೋ ಗೊತ್ತಾಗದಂತಾದ ಬನಿಯನ್ನಿನದು. ಹಿಂದಿನ ಬಾಗಿಲು ಎರಡೂ ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ, ಹೊರಗಿನಿಂದ ಯಾರಾದರೂ ತೆಗೆಯಬೇಕು. ಟೀಚರಮ್ಮ ಎರಡು ಜೂಲು ನಾಯಿ ಸಾಕಿದ್ದರು. ಬ್ಯಾಟರಿಗೆ ಗಾಳಿ ಊದುವ ಫ್ಯಾನಿನ ಬಾಯಿಂದ ಮೆಕ್ಯಾನಿಕ್ ಎಳೆದೂ ಎಳೆದೂ ಮೂರನೇ ನಾಯಿಗಾಗುವಷ್ಟು ಕೂದಲು ಹೊರತೆಗೆದ. ಇಷ್ಟು ದಿನ ಉಸಿರು ಕಟ್ಟಿಕೊಂಡಿದ್ದ ಬ್ಯಾಟರಿ ಇನ್ನೆಷ್ಟು ದಿನ ಬರುತ್ತದೋ ಹೇಳಲಾರೆ ಎಂದ. ಗುಮಾಸ್ತರು ಹತ್ತಿ ಕೂತರು. ಕಾರು ದಿಣ್ಣೆಯಿಂದ ಕೆಳಗಿನ ದೊಡ್ಡ ರಸ್ತೆಯವರೆಗೆ ಬೆಣ್ಣೆಯಂತೆ ಇಳಿಯಿತು. ಎಂಜಿನ್ ಒಮ್ಮೆಯೂ ಎದ್ದೇಳಲಿಲ್ಲ. ಕೆಳಗೆ ನಿಲ್ಲಿಸಿದಾಗ ಹೆಣ್ಣು ದನಿ ತೊಂಬತ್ತನಾಲ್ಕು ಎಂದಿತು. ಅತ್ಯುತ್ತಮ ಎಂದಿತು.

ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಅವರು ಇಡೀ ಸೇವಾವಧಿಯಲ್ಲಿ ಯಾರಿಗೂ ಕೊಟ್ಟಿರದ ಸಂಖ್ಯೆ ಅದು. ಹೆಂಡತಿ ಮಾತ್ರ, "ಇಳಿಜಾರು ಕಣ್ರೀ. ಸ್ಟೀರಿಂಗ್ ಮುಂದೆ ನಿಮ್ಮ ಬ್ಲೀಚಿಂಗ್ ಪುಡಿ ಮೂಟೆ ಇಟ್ಟಿದ್ರೂ ತೊಂಬತ್ತು ಬರ್ತಿತ್ತು," ಎಂದಳು. ಗುಮಾಸ್ತರಿಗೆ ಅದು ಕೇಳಿಸಿತು, ಒಳಕ್ಕೆ ಇಳಿಯಲಿಲ್ಲ. ವಾಪಸು ದಿಣ್ಣೆ ಹತ್ತಿಸುವಾಗ ಟೀಚರಮ್ಮ ತಾವೇ ಓಡಿಸಿದರು. ಆಗ ಬಂದ ಅಂಕವನ್ನು ಯಾರೂ ನೋಡಲಿಲ್ಲ.

"ಒಂದು ಸಲ ಬರೋದು ಅಂಕ ಅಲ್ಲ, ಅದೃಷ್ಟ," ಎಂದರು ಮಾವ. "ದಿನಾ ಹೋಗೋ ದಾರಿಲಿ, ನನ್ನ ಕಣ್ಣೆದುರಿಗೆ ಬರ್ಲಿ. ಆಗ ನಿಮ್ಮ ಪೇಪರ್ ಇನ್ನೊಂದು ಸಲ ತೆಗೆದು ನೋಡೋಣ."

ಆ ಮಾತಿಗೆ ಗುಮಾಸ್ತರು ಅಂದೇ ಕಾರು ಕೊಂಡರು.

ಮೊದಲ ದಿನ ಬೆಳಿಗ್ಗೆ ಗುಡ್ಡ ಹತ್ತಿ ಸ್ಥಾವರ ಮುಟ್ಟಿದಾಗ ನಲವತ್ತಮೂರು ಬಂತು. ಸಂಜೆ ಅದೇ ಗುಡ್ಡ ಇಳಿದು ಮನೆ ಮುಟ್ಟಿದಾಗ ತೊಂಬತ್ತೈದು. ಗುಮಾಸ್ತರು ಸಂಜೆಯದನ್ನು ಊಟಕ್ಕೆ ಕೂತಾಗ ಎಲ್ಲರಿಗೂ ಕೇಳುವಂತೆ ಹೇಳಿದರು. ಮಾವ, ಬೆಳಗಿನದು ಎಷ್ಟು ಎಂದರು. ಸರಿಯಾಗಿ ನೋಡಲಿಲ್ಲ ಎಂದರು ಗುಮಾಸ್ತರು. ಒಂದೇ ಪೇಪರ್ ಮನೆಗೆ ತಂದು ತೋರಿಸುವ ಮಕ್ಕಳನ್ನು ತಾವು ಬಹಳ ನೋಡಿದ್ದಾಗಿ ಮಾವ ಹೇಳಿದರು. ತಮ್ಮ ಪರೀಕ್ಷೆ ಬೆಳಗಿನ ಪ್ರಯಾಣದಲ್ಲೇ ನಡೆಯುವುದೆಂದೂ, ತಯಾರಾದ ದಿನ ತಿಳಿಸಬೇಕೆಂದೂ ಹೇಳಿ ಕೈತೊಳೆಯಲು ಎದ್ದರು.

ಗುಮಾಸ್ತರ ಅಭ್ಯಾಸ ಶುರುವಾಯಿತು. ಮೆತ್ತಗೆ ಒತ್ತಬೇಕು. ದಡಕ್ಕನೆ ಬ್ರೇಕು ಹಾಕಬಾರದು. ಹಾಕಿದರೆ ಐದಾರು ಅಂಕ ಒಟ್ಟಿಗೇ ಹೋಗುತ್ತದೆ. ಎ.ಸಿ. ಬೇಡ, ಹೀಟರ್ ಅಂತೂ ಬೇಡವೇ ಬೇಡ. ಕಾರಿನ ಭಾರ ಇಳಿಸಲು ಅವರು ಸ್ಟೆಪ್ನಿ ತೆಗೆದು ಮನೆಯಲ್ಲಿಟ್ಟರು, ಜಾಕು ತೆಗೆದಿಟ್ಟರು, ಊಟದ ಡಬ್ಬಿಯಿಂದ ಒಂದು ಬಟ್ಟಲು ಕಡಿಮೆ ಮಾಡಿಸಿದರು. ಗುಡ್ಡದ ರಸ್ತೆ ಕಿರಿದು, ಒಬ್ಬರನ್ನೊಬ್ಬರು ಹಿಂದೆ ಹಾಕಲು ಜಾಗವಿಲ್ಲ. ನಡೆದು ಹೋಗುವವರು ಗುಮಾಸ್ತರನ್ನು ಮಾತಾಡಿಸಿ, ಉತ್ತರ ಕೇಳಿಕೊಂಡು, ಮುಂದೆ ಹೋಗುವಂತಾಯಿತು. ಅವರ ಹಿಂದೆ ಲಾರಿ, ಬಸ್ಸು, ಹಾಲಿನ ವ್ಯಾನು ಎಲ್ಲ ಸಾಲುಗಟ್ಟುತ್ತಿದ್ದವು. ಅಂಕ ಐವತ್ತಾಯಿತು, ಎಪ್ಪತ್ತಾಯಿತು.

ಆ ಸಾಲಿನಲ್ಲಿ ಸ್ಥಾವರದ ಸಾಹೇಬರ ಜೀಪೂ ಇರುತ್ತಿತ್ತು. ಸಾಹೇಬರು ಹಿಂದೆ ಸಿಕ್ಕಿಕೊಂಡಿದ್ದರಿಂದ ಗುಮಾಸ್ತರು ದಿನಾ ಸಾಹೇಬರಿಗಿಂತ ಮುಂಚೆಯೇ ಕೆಲಸಕ್ಕೆ ಬಂದಂತಾಗುತ್ತಿತ್ತು. ಅವರು ಕಾರನ್ನು ಉಗ್ರಾಣದ ಹಿಂದೆ ಪೈಪುಗಳ ನಡುವೆ ನಿಲ್ಲಿಸಿ ಬಂದು ಕೂತಿರುತ್ತಿದ್ದರು. ಆಮೇಲೆ ಬೆವರುತ್ತಾ ಬಂದ ಸಾಹೇಬರು, ಬನಿಯನ್ ಬಣ್ಣದ ಕಾರಿನವನೊಬ್ಬ ದಾರಿಗೆ ಅಡ್ಡ ಬಿದ್ದಿದ್ದಾನೆಂದು ಕೂಗಾಡಿದರೆ, ಇಂಥವರಿಗೆ ಲೈಸೆನ್ಸ್ ಕೊಟ್ಟವರನ್ನು ಹಿಡಿಯಬೇಕು ಸಾರ್ ಎಂದು ಗುಮಾಸ್ತರು ಮನಃಪೂರ್ವಕವಾಗಿ ಹೇಳುತ್ತಿದ್ದರು. ತಮ್ಮ ಕಾರಿನದು ಬೆಳ್ಳಿ ಬಣ್ಣ ಎಂದೇ ಅವರು ನಂಬಿದ್ದರು.

ಎಂಬತ್ತೊಂಬತ್ತು ಬಂದ ದಿನ ಗುಮಾಸ್ತರು ಮಾವನಿಗೆ, ನಾನು ತಯಾರು ಎಂದರು.

ಮರುದಿನ ದಟ್ಟ ಮಂಜು, ಕೊರೆಯುವ ಚಳಿ. ಮಾವನ ಮಂಡಿ ಹಿಡಿದುಕೊಂಡಿತ್ತು. ಗಂಡಹೆಂಡತಿ ಆಚೀಚೆ ತೋಳು ಹಿಡಿದು ಅವರನ್ನು ಹಿಂದಿನ ಸೀಟಿಗೆ ಸಾಗಿಸಿದರು. ಹೀಟರ್ ಹಾಕುವಂತಿಲ್ಲ ಎಂದು ತಿಳಿದ ಮಾವ, ಪರೀಕ್ಷೆಯ ನಿಯಮವೆಂದರೆ ನಿಯಮ ಎಂದು ಒಂದು ಬಿಳಿ ಹೊದಿಕೆ ತರಿಸಿ ಸೀಟಿನುದ್ದಕ್ಕೆ ಮಲಗಿ ಮುಖದ ಮೇಲೂ ಎಳೆದುಕೊಂಡರು. ಅಂಕ ಬಂದಾಗ ಎಬ್ಬಿಸಿ ಎಂದು ಹೊದಿಕೆಯೊಳಗಿಂದ ಹೇಳಿ ನಿದ್ದೆ ಹೋದರು. ಹೆಂಡತಿಗೆ ಮೂರು ದಿನದಿಂದ ನೆಗಡಿ. ಗೇಟಿನ ಬಳಿ ನಿಂತು ಸೆರಗಿನಿಂದ ಕಣ್ಣುಮೂಗು ಒರೆಸಿಕೊಳ್ಳುತ್ತಾ ಕಳಿಸಿಕೊಟ್ಟಳು.

ಎದುರು ಮನೆಯ ಟೈಲರ್ ಇದಿಷ್ಟನ್ನೂ ಹೊಲಿಗೆ ಯಂತ್ರದ ಮುಂದೆ ಕೂತು ಕಿಟಕಿಯಿಂದ ನೋಡಿದ. ಬೀದಿಯಲ್ಲಿ ಯಾರು ಎಲ್ಲಿಗೆ ಹೋದರೆಂದು ಅವರಿಗಿಂತ ಮುಂಚೆ ತಿಳಿದುಕೊಳ್ಳುವುದು ಅವನ ಹವ್ಯಾಸ. ಅಳತೆ ತೆಗೆಯುವುದರಲ್ಲಿ ಎಷ್ಟೋ ಸಲ ತಪ್ಪಿದ್ದಾನೆ, ತೀರ್ಮಾನಕ್ಕೆ ಬರುವುದರಲ್ಲಿ ತಡಮಾಡಿದ್ದಿಲ್ಲ. ಅಂಗಡಿಗೆ ಬೀಗ ಹಾಕಿ ಸ್ಕೂಟರ್ ಹತ್ತಿದ. ಟೀ ಅಂಗಡಿಯಲ್ಲಿ ಒಂದು ಮಾತು ಹೇಳಿದ, ಬಸ್ ನಿಲ್ದಾಣದಲ್ಲಿ ಒಂದು ಮಾತು ಹೇಳಿದ. ಮೇಷ್ಟ್ರ ಕೈಯಲ್ಲಿ ಒದೆ ತಿಂದವರು ಊರಲ್ಲಿ ಕಡಿಮೆಯಿರಲಿಲ್ಲ. ಎಲ್ಲರೂ ಕೈಗೆ ಸಿಕ್ಕ ಗಾಡಿ ಹತ್ತಿದರು.

ಗುಮಾಸ್ತರಿಗೆ ಇದಾವುದೂ ಗೊತ್ತಿಲ್ಲ. ಮಂಜಿಗೆಂದು ಹೆಡ್‌ಲೈಟ್ ಹಾಕಿಕೊಂಡು, ಕಾಲಿನ ಹೆಬ್ಬೆರಳಲ್ಲಿ ಮಾತ್ರ ಒತ್ತುತ್ತಾ, ಅವರು ಮೆಲ್ಲಗೆ ಗುಡ್ಡ ಹತ್ತುತ್ತಿದ್ದರು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಗಾಡಿಗಳ ಸಾಲು ತಿರುವಿನಾಚೆಗೂ ಹಬ್ಬಿದೆ. ದಿನಾ ಕಿವಿ ಕಿತ್ತುಹೋಗುವಂತೆ ಬಡಿಯುತ್ತಿದ್ದ ಹಾರನ್ನು ಇಂದು ಒಂದೂ ಇಲ್ಲ. ರಸ್ತೆ ಬದಿಯವರು ಮಾತು ನಿಲ್ಲಿಸಿ ಎದ್ದು ನಿಲ್ಲುತ್ತಿದ್ದಾರೆ. ಒಬ್ಬ ಟೋಪಿ ತೆಗೆದ. ತರಕಾರಿ ಮಾರುವ ಹೆಂಗಸೊಬ್ಬಳು ನಡೆದುಕೊಂಡೇ ಪಕ್ಕಕ್ಕೆ ಬಂದು ಬಾನೆಟ್ಟಿನ ಮೇಲೆ ಒಂದು ಹೂವಿಟ್ಟು ಕೈಮುಗಿದಳು. ತಮ್ಮ ಚಾಲನೆಯ ಸುದ್ದಿ ಇಷ್ಟು ದೂರ ಹಬ್ಬಿರಬಹುದೆಂದು ಗುಮಾಸ್ತರು ಎಣಿಸಿರಲಿಲ್ಲ. ತಲೆಬಾಗಿಸಿ, ಬಹಳ ವಿನಯದಿಂದ, ಎಡಕ್ಕೊಂದು ಬಲಕ್ಕೊಂದು ನಮಸ್ಕಾರ ಮಾಡುತ್ತಾ ಸಾಗಿದರು. ಎಷ್ಟು ಸಂಯಮದ ಮನುಷ್ಯ ಎಂದು ಜನ ಮಾತಾಡಿಕೊಂಡರು.

ಗುಡ್ಡದ ನಡುವೆ ಒಂದು ಕವಲಿದೆ. ನೆಟ್ಟಗೆ ಹೋದರೆ ಸ್ಥಾವರ, ಎಡಕ್ಕೆ ಹೋದರೆ ಸ್ಮಶಾನ. ಅಲ್ಲಿ ನಿಂತಿದ್ದ ಪೊಲೀಸಿನವನು ಈ ಸಾಲನ್ನು ನೋಡಿ, ಎದುರಿನ ಗಾಡಿಗಳನ್ನೆಲ್ಲ ತಡೆದು, ನೇರ ರಸ್ತೆಯ ನಟ್ಟನಡುವೆ ಸೆಟೆದು ನಿಂತು, ಒಂದು ಕೈಯಲ್ಲಿ ಸೆಲ್ಯೂಟ್ ಹೊಡೆದು ಇನ್ನೊಂದು ಕೈಯಲ್ಲಿ ಎಡಕ್ಕೆ ದಾರಿ ತೋರಿಸಿದ. ನೇರ ಹೋಗಬೇಕೆಂದರೆ ದಡಕ್ಕನೆ ಬ್ರೇಕು ಹಾಕಿ ಅವನಿಗೆ ವಿವರಿಸಬೇಕು. ಗುಮಾಸ್ತರು ಒಂದು ಕ್ಷಣ ಯೋಚಿಸಿದರು. ಬ್ರೇಕಿಗೆ ಆರು ಅಂಕ. ಸ್ಟೀರಿಂಗನ್ನು ನಯವಾಗಿ ಎಡಕ್ಕೆ ತಿರುಗಿಸಿದರು. ಹಿಂದಿನ ಸಾಲೆಲ್ಲ ಎಡಕ್ಕೆ ತಿರುಗಿತು. ಹಾಲಿನ ವ್ಯಾನೂ ತಿರುಗಿತು, ಸಾಹೇಬರ ಜೀಪೂ ತಿರುಗಿತು. ಕಾವಲುಗಾರ ಗೇಟು ತೆರೆದು ಹಿಡಿದ. ಕಾರು ಒಳಗೆ ಹೋಗಿ, ಒಂದು ಮರದ ಕೆಳಗೆ, ರಸ್ತೆ ಮುಗಿದಲ್ಲಿ, ತಾನಾಗಿಯೇ ಎಂಬಂತೆ ನಿಂತಿತು.

ಪ್ರಯಾಣ ಮುಗಿಯಿತು, ಎಂದಿತು ಹೆಣ್ಣು ದನಿ. ಅಂಕ ತೊಂಬತ್ತಾರು. ಅತ್ಯುತ್ತಮ.

ಗುಮಾಸ್ತರ ಕಣ್ಣಲ್ಲಿ ನೀರು ಬಂತು. ಸ್ಟೀರಿಂಗಿನ ಮೇಲೆ ಹಣೆಯಿಟ್ಟರು. ಆಮೇಲೆ ಹಿಂದಕ್ಕೆ ತಿರುಗಿ, "ಮಾವ, ತೊಂಬತ್ತಾರು," ಎಂದರು. ಹೊದಿಕೆ ಅಲುಗಲಿಲ್ಲ. ಮಾವನದು ಗಾಢ ನಿದ್ದೆ.

ಹೊರಗೆ ಸುತ್ತ ಕೂಡಿದ್ದವರಿಗೆ ಮಂಜಿಗೆ ಗಾಜು ಮಸುಕಾಗದಿರಲೆಂದು ಇಳಿಸಿದ್ದ ಕಿಟಕಿಯಿಂದ ಇದು ಕೇಳಿಸಿತು. ತೊಂಬತ್ತಾರಂತೆ, ತುಂಬು ವಯಸ್ಸು ಎಂದು ಟೈಲರ್ ಹಿಂದಿನವರಿಗೆ ದಾಟಿಸಿದ. ಬನಿಯನ್ ಬಣ್ಣದ ಕಾರಿನವನ ಕುತ್ತಿಗೆ ಹಿಡಿಯಬೇಕೆಂದು ಜೀಪಿನಿಂದಿಳಿದು ಬಂದಿದ್ದ ಸಾಹೇಬರು, ಒಳಗಿರುವುದು ಯಾರೆಂದು ಕೇಳಿ ತಿಳಿದು, ಸಿಟ್ಟನ್ನು ಅಲ್ಲೇ ಬಿಟ್ಟು ಮುಂದೆ ಬಂದರು. ಅವರೂ ಮೇಷ್ಟ್ರ ಶಿಷ್ಯರೇ. ಕಿಟಕಿಯ ಬಳಿ ತಲೆ ತಗ್ಗಿಸಿ ನಿಂತು ಎರಡು ಮಾತಾಡಿದರು. ಗುರುಗಳು ದೊಡ್ಡವರು, ಶಿಸ್ತಿನವರು, ತಮ್ಮನ್ನು ಮನುಷ್ಯನನ್ನಾಗಿ ಮಾಡಿದವರು ಎಂದರು. ಇಷ್ಟು ಹೇಳುವಷ್ಟರಲ್ಲಿ ಹಳೆಯದೇನೋ ಉಕ್ಕಿ ಬಂತು.

"ಆದ್ರೂ ಒಂದೇ ಒಂದು ಅಂಕಕ್ಕೆ ನನ್ನನ್ನ ಫೇಲ್ ಮಾಡಿದ್ರು," ಎಂದರು. "ಮೂವತ್ನಾಲ್ಕು ಕೊಟ್ಟು ಇನ್ನೊಂದು ವರ್ಷ ಅಲ್ಲೇ ಕೂರಿಸಿದ್ರು. ಯಾಕೆ ಅಂತ ಕೊನೆವರೆಗೂ ಹೇಳ್ಲೇ ಇಲ್ಲ."

"ಕೊನೇ ಸ್ಟೆಪ್ ಬರೆದಿರ್ಲಿಲ್ಲ ನೀನು," ಎಂದಿತು ಹೊದಿಕೆ.

ಟೈಲರ್ ಅಲ್ಲಿಂದ ಗೇಟಿನವರೆಗೆ ಹೋದದ್ದನ್ನು ಯಾರೂ ಸರಿಯಾಗಿ ನೋಡಲಿಲ್ಲ. ಅವನು ಇಲ್ಲಿದ್ದ, ಆಮೇಲೆ ಅಲ್ಲಿದ್ದ. ಮಾವ ಹೊದಿಕೆ ಸರಿಸಿ ಎದ್ದು ಕೂತರು. ಕನ್ನಡಕ ಹಾಕಿಕೊಂಡು ಮರ ನೋಡಿದರು, ಜನ ನೋಡಿದರು, ಸಾಲು ಸಮಾಧಿಗಳನ್ನು ನೋಡಿದರು. ಯಾರು ಹೋದದ್ದು ಎಂದು ಕೇಳಿದರು. ಎಲ್ಲರೂ ನೆಲ ನೋಡಿದರು. ಬಾಗಿಲು ತೆಗೆಯಿರಿ ಎಂದಾಗ ಹತ್ತಿರವಿದ್ದ ಕಾವಲುಗಾರ ಹೊರಗಿನಿಂದ ತೆಗೆದ. ಇಷ್ಟು ವರ್ಷದಲ್ಲಿ ಒಳಗಿದ್ದವರು ಬಾಗಿಲು ತೆಗೆಸಿದ್ದು ಇದೇ ಮೊದಲು ಎಂದು ಅವನು ಹೇಳಿದ. ಗೇಟು ತೆರೆದಿಡಲೋ ಮುಚ್ಚಲೋ ಎಂದೂ ಕೇಳಿದ.

ಗುಮಾಸ್ತರಿಗೆ ಈಗಷ್ಟೇ ಒಂದೊಂದಾಗಿ ಅರ್ಥವಾಗುತ್ತಾ ಬಂತು. ಸೆಲ್ಯೂಟ್ ಅರ್ಥವಾಯಿತು, ಬಾನೆಟ್ಟಿನ ಹೂವು ಅರ್ಥವಾಯಿತು. ಸಾಹೇಬರು ತಮ್ಮನ್ನೂ ಕಾರಿನ ಬಣ್ಣವನ್ನೂ ಮತ್ತೆ ಮತ್ತೆ ನೋಡುತ್ತಿರುವುದೂ ಅರ್ಥವಾಯಿತು. ಆದರೂ ಪರದೆಯ ಮೇಲೆ ತೊಂಬತ್ತಾರು ಇನ್ನೂ ಉರಿಯುತ್ತಿತ್ತು. ಮಾನ ಹೇಗೂ ಹೋಯಿತು, ಇನ್ನೇನು ಹೋಗಲಿಕ್ಕಿದೆ ಎಂದು ಅವರು ಬೆರಳು ಮಾಡಿ ತೋರಿಸಿದರು.

ಮಾವ ಬಾಗಿ ನೋಡಿದರು. ಊರಿನ ಅರ್ಧ ಜನ, ತಾವೆಲ್ಲ ಸ್ಮಶಾನಕ್ಕೆ ಯಾಕೆ ಬಂದೆವೆಂಬುದನ್ನು ಮರೆತು, ಮೇಷ್ಟ್ರು ಏನು ಹೇಳುತ್ತಾರೋ ಎಂದು ಕಾದರು.

"ಹೋಗ್ಬೇಕಾಗಿದ್ದು ಸ್ಥಾವರಕ್ಕೆ," ಎಂದರು ಮಾವ. "ಬಂದಿರೋದು ಸ್ಮಶಾನಕ್ಕೆ. ವಿಧಾನ ಸರಿ, ಉತ್ತರ ತಪ್ಪು."

ಗುಮಾಸ್ತರು ತಲೆ ತಗ್ಗಿಸಿದರು.

"ವಿಧಾನಕ್ಕೆ ಒಂದು ಅಂಕ ಇದೆ. ಮೂವತ್ತಾರು."

ಸಂತೋಷಕ್ಕೆ ಗುಮಾಸ್ತರ ಕಾಲು ನೆಲಕ್ಕೆ ತಾಗಲಿಲ್ಲ. ಸಾಹೇಬರು ಅಳಿಯನ ಮುಖ ನೋಡಿದರು, ಗುರುಗಳ ಮುಖ ನೋಡಿದರು. ಐವತ್ತು ದಾಟಿದ, ಕೈಕೆಳಗೆ ಅಷ್ಟು ಜನರಿದ್ದ ಮನುಷ್ಯ ಒಂದು ಹೆಜ್ಜೆ ಮುಂದೆ ಬಂದು ಕೈಕಟ್ಟಿ, "ಸಾರ್, ನಂದೂ ವಿಧಾನ ಸರಿ ಇತ್ತಲ್ಲ, ನನಗೂ ಒಂದು..." ಎಂದರು.

"ನಿನ್ನ ಪೇಪರ್ ಮುಗಿದಿದೆ, ಹೋಗು," ಎಂದರು ಮಾವ.

ಜನ ಬಂದ ಹಾಗೇ ಚದುರಿದರು, ಕೆಲವರಿಗೆ ಸ್ವಲ್ಪ ನಿರಾಸೆಯೂ ಆಗಿತ್ತು. ಅಂಗಡಿ ಮುಚ್ಚಿ ಬಂದದ್ದಕ್ಕೆ ಯಾರು ಹೊಣೆ ಎಂದು ಟೈಲರ್ ಗೇಟಿನ ಹೊರಗಿನಿಂದಲೇ ಕೇಳುತ್ತಿದ್ದ. ಮಾವ ಈ ಸಲ ಮುಂದಿನ ಸೀಟಿಗೆ ಬಂದು ಕೂತರು. ಕಾರು ಕವಲಿಗೆ ಬಂದು ಸ್ಥಾವರದ ದಾರಿ ಹಿಡಿಯಿತು. ಗುಮಾಸ್ತರು ಅಭ್ಯಾಸದಂತೆ ಹೆಬ್ಬೆರಳಲ್ಲಿ ಒತ್ತುತ್ತಿದ್ದರು. ಮಾವ ಅಂಗೈ ಉಜ್ಜಿಕೊಂಡರು.

"ಹೀಟರ್ ಹಾಕಿ," ಎಂದರು. "ಕೆಲಸಕ್ಕೆ ಹೊತ್ತಾಯ್ತು, ಸ್ವಲ್ಪ ಜೋರಾಗೇ ಹೋಗಿ."

"ಅಂಕ ಹೋಗತ್ತೆ ಮಾವ."

ಮಾವ ತೊಡೆಯ ಮೇಲಿದ್ದ ಬಿಳಿ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಪರದೆಯ ಮೇಲೆ ಹೊದಿಸಿದರು. ಗುಮಾಸ್ತರು ಹೀಟರ್ ಹಾಕಿ, ಪಿಕಪ್ ಓಡಿಸಿದ ಕಾಲಿನಿಂದ ಪೂರ್ತಿ ಒತ್ತಿದರು. ಎಂಜಿನ್ ಗುರ್ ಎಂದು ಎದ್ದಿತು. ಹಿಂದಿನ ಗಾಡಿಗಳಲ್ಲಿ ಯಾರೋ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಕಾರೊಳಗೆ ಬೆಚ್ಚಗಾಗುತ್ತಾ ಬಂದು ಮಾವನ ಮಂಡಿ ಸಡಿಲಾಯಿತು.

ಸ್ಥಾವರದ ಉಗ್ರಾಣದ ಮುಂದೆ ಇಬ್ಬರ ಹಣೆಯೂ ಮುಂದಕ್ಕೆ ಹೋಗುವಂತೆ ಕಾರು ನಿಂತಿತು. ಹೊದಿಕೆಯೊಳಗಿಂದ ಹೆಣ್ಣು ದನಿ ಏನೋ ಹೇಳಿತು.

"ಎಷ್ಟಂತೆ?" ಎಂದರು ಮಾವ.

"ಕೇಳಿಸ್ಲಿಲ್ಲ ಮಾವ."

"ನನಗೂ ಕೇಳಿಸ್ಲಿಲ್ಲ," ಎಂದರು ಮಾವ.